ದಾರಿ ಓದುವವಳು

ಇಲ್ಲಕ್ಕ, ಇಲ್ಲ! ಎಷ್ಟು ಸಲ ಹೇಳಲಿ? ತಿರುವಿನ ದಾರಿಯಲ್ಲಿ ನಾವು ಬರಲೇ ಇಲ್ಲ. ಸೇತುವೆ ದಾಟಿದ ಮೇಲೆ ಕೆಳಗಿನ ರಸ್ತೆ ಹಿಡಿದು, ಆ ಗೋದಾಮುಗಳ ಹಿಂದಿನಿಂದ ಸುತ್ತಿಕೊಂಡು ಬಂದೆವು. ದಾರಿ ತೋರಿಸುವುದಕ್ಕೆ ಭಾವ ಆ ತಿರುವಿಗೆ ಹೋಗಿ ನಿಂತಿದ್ದಾರೆಂದು ನಮಗೇನು ಕನಸು ಬಿದ್ದಿತ್ತೇ? ನೀನು ಬಾಗಿಲು ತೆರೆದು, 'ಎಲ್ಲಿ, ಅವರು ಸಿಗಲಿಲ್ಲವಾ?' ಎಂದಾಗಲೇ ನನಗೆ ತಿಳಿದದ್ದು... ಬರುತ್ತಾರೆ ಬಿಡು. ಕಾರು ಕಾಣಲಿಲ್ಲವೆಂದು ಬೇಸರ ಹತ್ತಿದರೆ ತಾವಾಗಿಯೇ ಬರುತ್ತಾರೆ. ದಾರಿಯಲ್ಲಿ ಯಾರೋ ಸಿಕ್ಕಿರಬೇಕು. ಮಾತಿಗೆ ಒಬ್ಬರು ಸಿಕ್ಕರೆ ಭಾವನಿಗೆ ಹೊತ್ತು ಗೊತ್ತಾಗುತ್ತದೆಯೇ?

ಕೂತುಕೋ. ಬೇಡ, ಕೋಟು ಹಾಕಿಕೊಳ್ಳಬೇಡ. ಹಾಡಹಗಲಲ್ಲಿ ಎದುರುಮನೆ ಕಾಣದಂಥ ಮಂಜು ಕವಿದಿದೆ, ನೀನು ಆ ಕಡೆ ಹೋಗಿ ಅವರು ಈ ಕಡೆ ಬಂದರೆ ಇಬ್ಬರನ್ನೂ ಹುಡುಕುವವರು ಯಾರು? ಫೋನು ಮಾಡುತ್ತೀಯಾ?... ನೋಡು, ಒಳಗೇ ಬಡಿದುಕೊಳ್ಳುತ್ತಿದೆ. ಚಾರ್ಜಿಗೆ ಇಟ್ಟು ಹೋಗಿದ್ದಾರೆ ಮಹಾರಾಯರು. ಹ್ಞೂ, ಕೂತುಕೋ. ಹನ್ನೊಂದು ವರ್ಷದ ಮೇಲೆ ನಿನ್ನ ಅಡುಗೆಮನೆಯಲ್ಲಿ ಕೂತಿದ್ದೇನೆ, ನನ್ನ ಮುಖ ನೋಡೇ.

ಅತ್ತಿಗೆಯೇ? ನಡುಮನೆಯಲ್ಲಿ ಸೋಫಾದ ಮೇಲೆ ಗೊರಕೆ. ಕೇಳಿಸುತ್ತಿಲ್ಲವೇ? ಇವರ ಅಕ್ಕ ಎಂಬ ಆ ಹಿರಿಯರು ಈ ಒಂಬತ್ತು ದಿನದಲ್ಲಿ ಹೊರದೇಶವೆಂದು ನೋಡಿದ್ದು ಕಾರಿನ ಒಳಛಾವಣಿಯನ್ನು. ಕಾರು ಹೊರಟರೆ ನಿದ್ದೆ, ನಿಂತರೆ 'ಊರು ಬಂತೇ?' ಎಂದು ಪ್ರಶ್ನೆ. ಉಡುಗೊರೆಗಳ ಚೀಲವನ್ನು ಮಾತ್ರ ತಬ್ಬಿಕೊಂಡ ಕೈ ಸಡಿಲಿಸಿಲ್ಲ. ಹೋದ ಮನೆಯಲ್ಲೆಲ್ಲ ಅದರೊಳಗೆ ಕೈಹಾಕಿ ತಡಕಾಡಿ, ಗಂಡುಮಗುವಿಗೆ ಬಳೆ, ಅಜ್ಜನಿಗೆ ಗಿಲಕಿ... ಹೌದೇ! ನಿನ್ನ ಪಾಲಿಗೆ ಏನು ಬರುತ್ತದೋ ದೇವರಿಗೇ ಗೊತ್ತು.

ಇವರೇ? ಒಳಕೋಣೆಯಲ್ಲಿ ಮಲಗಿದ್ದಾರೆ. ಕಣ್ಣಿನ ಮೇಲೆ ಒದ್ದೆಬಟ್ಟೆ ಹಾಕಿಕೊಟ್ಟು ಬಂದೆ. ಬಿಸಿಲಿಲ್ಲದಿದ್ದರೂ ಕಣ್ಣು ಉರಿಯುತ್ತದೆ... ಏನಿಲ್ಲ. ದೂರದ ಪ್ರಯಾಣ, ಆಯಾಸ.

ಏನಿಲ್ಲ ಅಂದೆನಲ್ಲ!

ಅವರು ನಿನ್ನ ಮುಖ ನೋಡದೆ ಗೋಡೆ ನೋಡಿಕೊಂಡು 'ಚೆನ್ನಾಗಿದ್ದೀರಾ' ಎಂದರು, ಅದಕ್ಕೆ ತಾನೆ ನಿನ್ನ ಹುಬ್ಬು ಗಂಟಿಕ್ಕಿದ್ದು? ಅದು ಬಿಂಕವಲ್ಲ ಕಣೆ. ಪಕ್ಕಕ್ಕೆ ತಿರುಗಿದರೆ ಮಾತ್ರ ನೀನು ಅವರಿಗೆ ಕಾಣುತ್ತೀಯೆ. ನೇರ ನೋಡಿದರೆ ಕಾಣುವುದಿಲ್ಲ. ಅಂಚು ಇದೆ, ನಡು ಇಲ್ಲ. ನಟ್ಟನಡುವೆ ಮಸಿ ಚೆಲ್ಲಿದ ಹಾಗಿದೆ ಎನ್ನುತ್ತಾರೆ. ಎರಡು ವರ್ಷದ ಹಿಂದೆ ಸಾಸಿವೆಯಷ್ಟಿತ್ತಂತೆ, ಈಗ ಅಂಗೈಯಷ್ಟಾಗಿದೆ. ಇನ್ನೊಂದು ವರ್ಷಕ್ಕೆ ಅಂಚೂ ಹೋಗುತ್ತದೆ ಎಂದು ಕಣ್ಣಿನ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಇವರಿಗೆ ಒಳಗೇ ಕೇಳಿಸಿತ್ತು.

ಮೊದಲು ಇವರ ಗೆಳೆಯನ ಮನೆಗೆ ಹೋದೆವಲ್ಲ, ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು, ಮಗಳ ಜೊತೆ ಬಂದು ಇಲ್ಲೇ ನೆಲೆಸಿದವರು. ಬಾಗಿಲು ದಾಟಿದ್ದೇ ತಡ, ಇವರು ಕೈಜೋಡಿಸಿ, ನಡುಬಗ್ಗಿಸಿ, 'ಅಮ್ಮಾ, ತಾವು ಇನ್ನೂ ಹಾಗೆಯೇ ಇದ್ದೀರಿ' ಎಂದು ನಮಸ್ಕಾರ ಮಾಡಿದರು... ಕೋಟು ನೇತುಹಾಕುವ ಗೂಟಕ್ಕೆ! ಗೆಳೆಯನ ಹೆಂಡತಿ ಇನ್ನೊಂದು ಮೂಲೆಯಲ್ಲಿ ನಿಂತಿದ್ದಾರೆ.

ನಗು, ನಗು. ಅಲ್ಲಿಯೂ ಎಲ್ಲರೂ ನಕ್ಕರು. ತಮಾಷೆ ಎಂದುಕೊಂಡರು. ಇವರೂ ನಕ್ಕರು. ಆಮೇಲೆ ಕಾರಿನಲ್ಲಿ ಕೂತು ಬೀಗದ ಕೈ ತಿರುಗಿಸುವ ಮೊದಲು, 'ಆಕೆ ಯಾವ ಮೂಲೆಯಲ್ಲಿದ್ದರು?' ಎಂದು ಕೇಳಿದರು.

ಯಾಕೆ ನಗು ನಿಲ್ಲಿಸಿದೆ?... ಹೌದು. ಅವರೇ. ಮತ್ತೆ ಯಾರು ಓಡಿಸುತ್ತಾರೆ? ನನಗೆ ಬರುವುದಿಲ್ಲ. ಅತ್ತಿಗೆಯ ಕೈಗೆ ಕೊಡಲೇ? ಪರವಾನಗಿ ಇನ್ನೂ ಎರಡು ವರ್ಷ ಇದೆ. ಬಾಡಿಗೆ ಕಾರಿನವರು ಕಾಗದ ನೋಡಿದರು, ಕಣ್ಣು ನೋಡಲಿಲ್ಲ.

ಬೈಯಬೇಡ. ಬೈಯುವ ಮೊದಲು ಕೇಳು. ಮುಖಗಳನ್ನೆಲ್ಲ ಒಂದು ಸಲ ನೋಡಿಬಿಡೋಣ ಎಂದರು, ಅಂಚು ಇರುವಾಗಲೇ. ಗೆಳೆಯನ ಮುಖ, ಅತ್ತಿಗೆಯ ಮಗಳ ಮುಖ, ನಿನ್ನದು, ಭಾವನದು. ರೈಲಿನಲ್ಲಿ ಹೋಗೋಣ ಅಂದೆ. 'ಯಾರೋ ಹೊತ್ತುಕೊಂಡು ಹೋಗಿ ಇಳಿಸಿದರೆ ಅದು ನೋಡಿ ಬಂದ ಹಾಗಲ್ಲ' ಎಂದರು. ಆಮೇಲೆ ಒಂದು ಮಾತು ಹೇಳಿದರು, ಅದಕ್ಕೆ ನಾನು ಸೋತೆ. 'ನೀನು ಓದು, ನಾನು ತಿದ್ದುತ್ತೇನೆ' ಎಂದರು.

ನಿನಗೆ ಗೊತ್ತಲ್ಲ ನಮ್ಮ ಕೆಲಸ, ಕರಡು ತಿದ್ದುವುದು. ಮೂವತ್ತನಾಲ್ಕು ವರ್ಷ, ಒಂದೇ ಮೇಜಿನ ಆ ಕಡೆ ಅವರು, ಈ ಕಡೆ ನಾನು. ಬರೆದವರ ಮೂಲಪ್ರತಿ ನನ್ನ ಕೈಯಲ್ಲಿ, ಅಚ್ಚಾಗಿ ಬಂದ ಕರಡು ಅವರ ಕೈಯಲ್ಲಿ. ನಾನು ಗಟ್ಟಿಯಾಗಿ ಓದಬೇಕು, ಬರೀ ಮಾತನ್ನಲ್ಲ, ಚಿಹ್ನೆ ಸಮೇತ. 'ಅರಸನು ಎದ್ದನು ಅಲ್ಪವಿರಾಮ ಸಭೆ ಮೌನವಾಯಿತು ಪೂರ್ಣವಿರಾಮ.' ಅವರು ಒಂದು ಸಲವೂ ತಲೆಯೆತ್ತಿ ಮೂಲ ನೋಡಿದವರಲ್ಲ. ನಾನು ಓದಿದ್ದೇ ಅವರಿಗೆ ಮೂಲ. ನಾನು ಓದದೆ ಬಿಟ್ಟದ್ದು ಲೋಕದಲ್ಲೇ ಇಲ್ಲ.

ಹಾಗೆಯೇ ಈ ದಾರಿಯನ್ನೂ ಓದಿದೆ. ಒಂಬತ್ತು ದಿನ! ಗಂಟಲು ಹೋಗಿದೆ ನೋಡು. ಅಲ್ಪವಿರಾಮ ಎಂದರೆ ವೇಗ ಇಳಿಸುತ್ತಾರೆ, ಪೂರ್ಣವಿರಾಮ ಎಂದರೆ ನಿಲ್ಲಿಸುತ್ತಾರೆ. ಕೆಂಪು ದೀಪ ಪೂರ್ಣವಿರಾಮ. ಎಡಕ್ಕೆ ಲಾರಿ ಅಲ್ಪವಿರಾಮ, ದಾಟಿತು. ನಾವು ದಾರಿಯುದ್ದಕ್ಕೂ ಹಾಗೆ ಮಾತಾಡುವುದನ್ನು ಕೇಳಿ ಅತ್ತಿಗೆ ಅರೆನಿದ್ದೆಯಲ್ಲಿ, 'ನಿಮ್ಮಿಬ್ಬರದು ಇನ್ನೂ ಪುಸ್ತಕ ಮುಗಿಯಲಿಲ್ಲವೇ?' ಎಂದು ಕೇಳಿದರು. ಎಂಥ ಸೊಗಸು ಗೊತ್ತೇ ಅಕ್ಕ... ಹೇಳಬಾರದು, ಆದರೂ ಹೇಳುತ್ತೇನೆ. ನಿವೃತ್ತಿಯಾದ ಮೇಲೆ ನಾವು ಇಷ್ಟು ಹತ್ತಿರ ಕೂತದ್ದೇ ಇಲ್ಲ.

ತಪ್ಪಾದರೆ? ತಪ್ಪಾಗುವುದಿಲ್ಲ. ನನ್ನಿಂದ ತಪ್ಪಾಗುವುದಿಲ್ಲ. ತಪ್ಪಾಗಬಾರದು, ಅವರು ತಾಳುವುದಿಲ್ಲ. ಒಮ್ಮೆ ಒಂದು ಪುಸ್ತಕದ ಅರ್ಪಣೆಯ ಪುಟದಲ್ಲಿ, ಲೇಖಕರ ತೀರಿಹೋದ ಮಗಳ ವಯಸ್ಸು ತಪ್ಪಾಗಿ ಅಚ್ಚಾಗಿಬಿಟ್ಟಿತ್ತು. ಇವರು ಆ ಮನೆಯ ಗೇಟಿನ ಮುಂದೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನಿಂತಿದ್ದರು. ಒಳಗೆ ಹೋಗುವ ಧೈರ್ಯವಿಲ್ಲ, ಹಿಂದಿರುಗುವ ಮನಸ್ಸಿಲ್ಲ. ಆ ತಾಯಿಯೇ ಹೊರಗೆ ಬಂದು ನೀರು ಕೊಟ್ಟರಂತೆ. ಹದಿನೆಂಟು ವರ್ಷವಾಯಿತು. ಈಗಲೂ ನಿದ್ದೆಯಲ್ಲಿ ಆ ಸಂಖ್ಯೆ ಹೇಳುತ್ತಾರೆ. ಒಂದು ಅಂಕಿಗೆ ಅಷ್ಟು ನೊಂದುಕೊಂಡ ಮನುಷ್ಯ...

ಸ್ವಲ್ಪ ಕಾಫಿ ಕೊಡು. ಬೇಡ, ಬೇಡ, ಹೊರಗೆ ಯಾಕೆ ನೋಡುತ್ತೀಯೆ? ಬರುತ್ತಾರೆ ಅಂದೆನಲ್ಲ.

ಅದೊಂದು ಜಾಣತನದ ಕೆಲಸ ಅಕ್ಕ, ದಾರಿ ಓದುವುದು. ಊರೊಳಗೆ ಸುಲಭ. ಮಂಜಿನಲ್ಲಿ ಕಷ್ಟ. ಇವತ್ತಂತೂ ಹತ್ತು ಮಾರು ಮುಂದೆ ಏನೂ ಇಲ್ಲ, ಬಿಳಿಕಾಗದ! ಬದಿಯಲ್ಲಿ ಏನಾದರೂ ಕಂಡರೆ ಅದನ್ನೇ ಹಿಡಿದು ಓದಬೇಕು. ಕಲ್ಲುಬೇಲಿ, ಕಲ್ಲುಬೇಲಿ, ಬಿಳಿಯ ಕಂಬ, ಅಲ್ಪವಿರಾಮ, ಮತ್ತೆ ಬಿಳಿಯ ಕಂಬ, ಬಲಕ್ಕೆ ತಿರುವು, ಆಮೇಲೆ ನಿಮ್ಮ ಬೀದಿ...

ಏನು?

ಯಾಕೆ ಹಾಗೆ ನೋಡುತ್ತೀಯೆ?

ಬಿಳಿಯ ಕಂಬ ಎಲ್ಲ ರಸ್ತೆಯಲ್ಲೂ ಇರುತ್ತದೆ. ಕೆಳಗಿನ ರಸ್ತೆಯಲ್ಲಿ ಇಲ್ಲವೇ, ತಿರುವಿನ ದಾರಿಯಲ್ಲಿ ಮಾತ್ರವೇ? ಇಲ್ಲವೇ... ಹಾಗಾದರೆ ಬೇರೆಲ್ಲೋ ನೋಡಿದ್ದು. ನಿನ್ನೆ ನೋಡಿದ್ದಿರಬೇಕು. ಒಂಬತ್ತು ದಿನದಲ್ಲಿ ಎಷ್ಟು ಕಂಬ, ಎಷ್ಟು ಬೇಲಿ! ತಲೆಯೊಳಗೆ ಎಲ್ಲ ಕಲಸಿಹೋಗಿದೆ.

ಕನ್ನಡಿಯೇ? ಯಾವ ಕನ್ನಡಿ? ಓ, ಕಾರಿನ ಪಕ್ಕದ್ದು. ಅದು ಕಾರು ಬಾಡಿಗೆಗೆ ಸಿಕ್ಕಾಗಲೇ ಮುರಿದಿತ್ತು. ಬಾಡಿಗೆಯವರೇ, 'ನಡೆಯುತ್ತದೆ, ತೆಗೆದುಕೊಂಡು ಹೋಗಿ' ಎಂದರು. ಅತ್ತಿಗೆಯನ್ನು ಬೇಕಾದರೆ ಕೇಳು... ಬೇಡ, ಎಬ್ಬಿಸಬೇಡ.

ಅಕ್ಕ, ಬೈ. ಇಷ್ಟು ಹೊತ್ತು ಒಂದೊಂದು ಮಾತಿಗೂ ಎದುರು ಕೇಳುತ್ತಿದ್ದವಳು ಈಗ ಯಾಕೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ? ಭಾವ ಎಲ್ಲಿ ಎಂದು ಕೇಳು. ಎಷ್ಟು ಹೊತ್ತಾಯಿತು ಎಂದು ಕೇಳು. ಕೇಳದಿದ್ದರೆ ನಾನು ಏನೆಂದು ಉತ್ತರ ಹೇಳಲಿ?

ಕಿಟಕಿಯ ಕಡೆ ನೋಡುತ್ತೀಯೆ...

ನಾವು ಬಂದಾಗ ನೀನು ಆ ಕಿಟಕಿಯಲ್ಲೇ ನಿಂತಿದ್ದೆಯಾ?

ಮೊದಲಿನಿಂದಲೂ?

ನಾನು ಕಾರಿನಿಂದ ಇಳಿದು... ಗಂಟೆ ಒತ್ತುವ ಮೊದಲು ಗಾಜು ಒರೆಸಿದೆನಲ್ಲ, ನನ್ನ ಕಡೆಯ ಗಾಜು, ಈ ಶಾಲಿನಿಂದ... ನೋಡಿದೆ. ನೀನು ನೋಡಿದೆ. ಇಷ್ಟು ಹೊತ್ತೂ ನನ್ನ ಎದುರು ಕೂತು ಅದನ್ನೇ ಯೋಚಿಸುತ್ತಿದ್ದೆ. ದಾರಿಯುದ್ದಕ್ಕೂ ಒರೆಸದ ಗಾಜನ್ನು ಇವಳು ನಮ್ಮ ಮನೆಯ ಮುಂದೆ ಯಾಕೆ ಒರೆಸಿದಳು ಎಂದು.

ಮಂಜಿನ ಹನಿ ಅಲ್ಲ ಅಕ್ಕ. ಹನಿಯ ಮೇಲೆ ಅಂಗೈಯ ಅಚ್ಚು ಇತ್ತು. ಐದೂ ಬೆರಳು.

ಸಾಲು ಹಾರಿತು. ಇಷ್ಟು ವರ್ಷ ಕಾಗದದ ಮೇಲೆ ನನ್ನನ್ನು ಕಾಡಿದ್ದು ಅದೊಂದೇ. ಒಂದು ಮಾತು ಇಲ್ಲಿ ಇರುತ್ತದೆ, ಅದೇ ಮಾತು ಎರಡು ಸಾಲು ಕೆಳಗೆ ಮತ್ತೆ ಇರುತ್ತದೆ. ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿದುಬಿಡುತ್ತದೆ, ನಡುವೆ ಇರುವುದು ಬಿದ್ದುಹೋಗುತ್ತದೆ. ಓದುವವಳಿಗೆ ಬಿಟ್ಟದ್ದೇ ಗೊತ್ತಾಗುವುದಿಲ್ಲ, ಓದು ನುಣ್ಣಗೆ ಸಾಗುತ್ತದೆ. ಬಿಳಿಯ ಕಂಬ ಅಂದೆ. ಮುಂದೆ ಮತ್ತೊಂದು ಬಿಳಿಯ ಕಂಬ ಕಂಡಿತು, ಅದನ್ನೇ ಓದಿದೆ. ನಡುವೆ ಒಬ್ಬರು ನಿಂತಿದ್ದರು. ನಿಂತಿದ್ದವರು ನಮ್ಮ ಮುಖ ಗುರುತು ಹಿಡಿದು, ಒಂದು ಹೆಜ್ಜೆ ರಸ್ತೆಗೆ ಬಂದರು. ಸಂತೋಷಕ್ಕೆ ಬಂದರು ಅಕ್ಕ, ಗಾಜು ತಟ್ಟುವುದಕ್ಕೆ.

ನಾನು ಅಲ್ಪವಿರಾಮ ಅನ್ನಲಿಲ್ಲ. ಇವರು ನಿಧಾನ ಮಾಡಲಿಲ್ಲ.

ಮುಖ ಕಾಣಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಮುಖ ಕಾಣಲಿಲ್ಲ... ಕೂಗು ಕೇಳಿಸಿತು. 'ಮೈಕೂ!' ಎಂದು. ಈ ಲೋಕದಲ್ಲಿ ನನ್ನನ್ನು ಹಾಗೆ ಕರೆಯುವವರು ಎಷ್ಟು ಜನ? ನಿನ್ನ ಮದುವೆಯ ಮನೆಯಲ್ಲಿ ನಾನು ಗಟ್ಟಿಯಾಗಿ ಮಾತಾಡಿದೆನೆಂದು ಭಾವ ಇಟ್ಟ ಹೆಸರು. ಬೇರೆ ಯಾರೂ ಕರೆದದ್ದಿಲ್ಲ. 'ಮೈಕೂ' ಎಂದರು, ಅಂಗೈ ಬಿತ್ತು, ಕನ್ನಡಿ ಹೋಯಿತು. ಇವರು, 'ಏನದು? ಏನು ತಾಗಿತು?' ಎಂದು ಚೀರಿದರು. ನನ್ನ ಬಾಯಿ... ನನ್ನನ್ನು ಕೇಳದೆಯೇ ಓದಿತು. 'ಕೊಂಬೆ' ಅಂದಿತು. 'ಬಾಗಿದ ಕೊಂಬೆ, ಕನ್ನಡಿಗೆ ತಾಗಿತು, ನಿಲ್ಲಿಸಬೇಡಿ, ಹಿಂದೆ ಲಾರಿ ಇದೆ.' ಹಿಂದೆ ಯಾವ ಲಾರಿಯೂ ಇರಲಿಲ್ಲ. ಅವರು ನಂಬಿದರು. ನಾನು ಓದಿದ್ದು ತಾನೆ? ನಂಬಿದರು.

ಅಲ್ಲಿಂದ ಇಲ್ಲಿಗೆ ಎರಡು ನಿಮಿಷ. ಆಮೇಲೆ ಈ ಮಾತು, ಈ ಗೂಟ, ಈ ಗಿಲಕಿ... ನಿನ್ನನ್ನು ನಗಿಸಿದೆ. ಕೋಟು ಹಾಕಿಕೊಂಡವಳನ್ನು ಕೈಹಿಡಿದು ಕೂರಿಸಿದೆ. ಒಂದೊಂದು ಮಾತು ಆಡುವಾಗಲೂ, ಈಗ ಬಾಗಿಲು ತೆರೆಯುತ್ತದೆ, ಕುಂಟಿಕೊಂಡಾದರೂ ಬೈದುಕೊಂಡಾದರೂ ಒಳಗೆ ಬರುತ್ತಾರೆ ಎಂದು ಕಾದೆ. ಒಳಗೆ ಮಲಗಿದವರಿಗೆ ಇದು ತಿಳಿಯದಂತೆ ಮುಗಿದುಹೋಗಲಿ ಎಂದು ಬೇಡಿಕೊಂಡೆ. ಅವರನ್ನು ಕಾಪಾಡಲಿಕ್ಕೆ ಹೋಗಿ ನಿನ್ನವರನ್ನು ಮಂಜಿನಲ್ಲಿ ಬಿಟ್ಟು ಕಾಫಿ ಕೇಳಿದೆ ಅಕ್ಕ, ನಾನು ಕಾಫಿ ಕೇಳಿದೆ!

ಬೈ, ಅಕ್ಕ. ಹೊಡೆ. ಹಾಗೆ ನನ್ನನ್ನು ದಾಟಿಕೊಂಡು ಹೋಗಬೇಡ...

ಹೋಗು, ಹೋಗು, ಓಡು. ಫೋನು ತೆಗೆದುಕೋ, ಆಂಬುಲೆನ್ಸಿಗೆ ನೀನೇ ಹೇಳು, ಇಲ್ಲಿನ ನಂಬರು ನನಗೆ ಗೊತ್ತಿಲ್ಲ. ಎರಡು ಕಂಬಗಳ ನಡುವೆ ಎಂದು ಹೇಳು, ಮೊದಲನೆಯದಕ್ಕೆ ಹತ್ತಿರ. ಬದಿಯಲ್ಲಿ ತಗ್ಗಿದೆ, ಹುಲ್ಲಿದೆ, ಅದರೊಳಗೆ ನೋಡು. ನಾನು ಹಿಂದೆಯೇ ಬಂದೆ, ಬಂದೆ... ಒಬ್ಬಳೇ ಬರುವುದಿಲ್ಲ.

ರೀ... ಎದ್ದಿದ್ದೀರಾ?

ಆ ಬಟ್ಟೆ ತೆಗೆಯಿರಿ. ಈ ಕಡೆ ತಿರುಗಿ, ನನ್ನ ಮುಖ ಕಾಣುವ ಹಾಗೆ ತಿರುಗಿ.

ರೀ, ಅದು ಕೊಂಬೆಯಲ್ಲ.