ಅನ್ನದ ಮಾತು ಆಮೇಲೆ

ಭಟ್ಕಳದ ಒಂದು ದವಾಖಾನೆಯಲ್ಲಿ ಚೀಟಿ ಬರೆಯುವ ರಂಜಿತಾಳ ಮೇಜಿನೆದುರು ಮುಟ್ಟಳ್ಳಿಯ ಮಾಸ್ತಮ್ಮ, ಅವಳ ನಾದಿನಿ ವಿನುತಾ ಕೂತಿದ್ದರು. ದಪ್ಪ ಮೈಯ ಮಾಸ್ತಮ್ಮ ಬಲ ಪಕ್ಕೆಯನ್ನು ಒತ್ತಿ ಹಿಡಿದಿದ್ದಳು. ರಂಜಿತಾ ತಲೆ ತಗ್ಗಿಸಿಕೊಂಡೇ ಅವರ ಮಾತು ಕೇಳುತ್ತಿದ್ದಳು.

"ನಿನ್ನೆ ಧಾರಾವಾಹಿಲಿ ಆ ದಪ್ಪನ ಹೆಂಗಸಿಗೆ ಡಾಕ್ಟ್ರು ಎಂತ ಹೇಳ್ದ, ನೋಡ್ದ್ಯಾ ಅತ್ತಿಗೆ?"

"ತೂಕ ಇಳಿಸು ಅಂದ. ಹೊಟ್ಟೆ ಮುಟ್ಟಿ ನೋಡ್ಲೇ ಇಲ್ಲ."

"ಕಡಿಗೆ ಪಿತ್ತಕೋಶದಲ್ಲಿ ಕಲ್ಲು ಸಿಕ್ತು."

"ಅವನ ಅಮ್ಮ ದಪ್ಪ ಇದ್ಳಂತೆ. ಅದಕ್ಕೇ ದಪ್ಪದವರನ್ನ ಕಂಡ್ರೆ ಅವನಿಗೆ ಸಿಟ್ಟಂತೆ."

"ಇಲ್ಲಿಯ ಡಾಕ್ಟ್ರ ಅಮ್ಮ ಹೇಗಿದ್ದಾರೆ?"

"ನಂಗೆಂತ ಗೊತ್ತು? ಮೂರು ಸಲ ಬಂದೆ. ಮೂರು ಸಲನೂ ಅನ್ನ ಬಿಡು ಅಂದ್ರು."

"ಬಿಟ್ಯಾ?"

"ಬಿಟ್ಟೆ. ನೋವು ಬಿಡ್ಲಿಲ್ಲ."

"ಇವತ್ತು ಹೊಟ್ಟೆ ಮುಟ್ಟಿ ನೋಡಿ ಅಂತ ಹೇಳು."

"ನಾಚಿಕೆ ಆಗ್ತದೆ."

"ಆತು, ನಾ ಹೇಳ್ತೆ."

ರಂಜಿತಾ ದಿನವೂ ಚೀಟಿಯ ತಲೆಗೆ ತೂಕ ಬರೆಯುವವಳು. ಇಂದು 'ಬಲ ಪಕ್ಕೆ ನೋವು, ನಾಲ್ಕನೇ ಸಲ' ಎಂದು ಬರೆದು ಹೆಸರು ಕರೆದಳು.

ಇಬ್ಬರೂ ಎದ್ದು ಒಳಗೆ ಹೋದರು. ಬಾಗಿಲು ಮುಚ್ಚಿಕೊಳ್ಳುವ ಮೊದಲು ಕೇಳಿಸಿದ್ದು ಮಾಸ್ತಮ್ಮನ ದನಿಯೇ.

"ಮೊದ್ಲು ಹೊಟ್ಟೆ ಮುಟ್ಟಿ ನೋಡಿ ಸಾರ್. ಅನ್ನದ ಮಾತು ಆಮೇಲೆ."