ಫಾರಂನ ಒಂದು ಸಾಲು

ಅತ್ತೆಯನ್ನು ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರನ್ನು ಪರೀಕ್ಷೆಗೆ ಒಳಗೆ ಕರೆದಿದ್ದರು. ಮಗು ನನ್ನ ಮಡಿಲಲ್ಲೇ ನಿದ್ದೆಹೋಗಿದ್ದರಿಂದ ನಾನು ಅಲುಗಾಡುವಂತಿರಲಿಲ್ಲ. ಎದುರು ಬೆಂಚಿನಲ್ಲಿ ಐವತ್ತರ ಆಸುಪಾಸಿನ ಒಬ್ಬ ಸಪೂರ ಗಂಡಸು ಫಾರಂ ತುಂಬುತ್ತಿದ್ದ. ಪಕ್ಕದಲ್ಲಿದ್ದ ಅವನ ಅಕ್ಕ ಕನ್ನಡಕ ಏರಿಸಿ ಇಣುಕಿದಳು.

"ಓಟ ಮುಗಿಸಿ ನಿಂತ ಮೇಲೆ ಎಚ್ಚರ ತಪ್ಪಿತು ಅಂತ ಬರ್ದಿದ್ದೀಯಲ್ಲೋ!"

"ಹೂಂ."

"ಮುಗಿಯೋ ಜಾಗದಲ್ಲಿ ಕಿತ್ತಳೆ ಸುಲ್ಕೊಂಡು ನಿಂತಿದ್ದೋಳು ನಾನು. ನೀನು ಅಲ್ಲಿಗೆ ಬರ್ಲೇ ಇಲ್ಲ."

"ಇನ್ನೂರು ಮೀಟರ್ ಬಾಕಿ ಇತ್ತು ಅಷ್ಟೇ. ಏನು ವ್ಯತ್ಯಾಸ ಅಕ್ಕಾ?"

"ವ್ಯತ್ಯಾಸ ಇಲ್ದಿದ್ರೆ ಸುಳ್ಳು ಯಾಕೆ ಬರ್ದೆ?"

ಅವನು ಪೆನ್ನಿನ ಮುಚ್ಚಳ ಹಾಕಿದ, ಮತ್ತೆ ತೆಗೆದ.

"ನಿಂತ ಮೇಲೆ ಬಿದ್ರೆ ನೀರು ಜಾಸ್ತಿ ಕುಡೀರಿ ಅಂತಾರಂತೆ. ಓಡ್ತಾ ಓಡ್ತಾನೇ ಬಿದ್ದೆ ಅಂದ್ರೆ ಓಟಾನೇ ನಿಲ್ಲಿಸ್ತಾರಂತೆ. ನಮ್ಮ ಓಟದ ಗುಂಪಿನೋರು ಹೇಳಿದ್ರು."

"ಆಹಾ, ಎಂಥಾ ಪಂಡಿತರಪ್ಪಾ! ನೀನು ಬಿದ್ದಾಗ ನಿನ್ನ ದಾಟ್ಕೊಂಡು ಓಡಿದೋರು ತಾನೇ?"

"ತಮಾಷೆ ಬೇಡ ಅಕ್ಕಾ. ಓಡೋದು ಬಿಟ್ರೆ ನಾನು ಬರೀ ಗುಮಾಸ್ತ."

"ಬರೀ ಗುಮಾಸ್ತನಾಗೇ ಇರೋ. ಇದ್ರೆ ಸಾಕು ನಂಗೆ."

ನರ್ಸ್ ಬಾಗಿಲು ತೆರೆದು ಮುಂದಿನವರನ್ನು ಕರೆದಳು. ಅವನು ಆ ಸಾಲನ್ನು ಹೊಡೆದುಹಾಕಿ, ಮೇಲೆ ಚಿಕ್ಕದಾಗಿ ಏನೋ ಬರೆದು ಅಕ್ಕನಿಗೆ ತೋರಿಸಿದ.

"ನೀನೂ ಒಳಗೆ ಬಾ. ಡಾಕ್ಟರ್ ಮುಖ ನೋಡಿದ್ರೆ ನಾನು ಮತ್ತೆ ಮಾತು ಬದಲಾಯಿಸಿಬಿಡ್ತೀನಿ."

ಅವಳು ಚೀಲ ಎತ್ತಿಕೊಂಡು ಮುಂದೆ ನಡೆದಳು. ಅವನು ಅವಳ ಹಿಂದೆಯೇ, ನಿಧಾನವಾಗಿ ಹೋದ.