ಗುರುಶಾಂತರು ಒಪ್ಪದ ನಾಲ್ಕು ದಿನದ ಮೌನ

ಎಲ್ಲರಿಗೂ ಶರಣು. ಸಾಹೇಬರ ಮಡದಿ ಶೋಭಕ್ಕಾ, ಮಗಳು ಉಮಾಶ್ರೀ, ಜೀಡಿಮೆಟ್ಲಾದಿಂದ ಶಿಫ್ಟ್ ಮುಗಿಸಿ ನೇರ ಇಲ್ಲಿಗೇ ಬಂದ ನಮ್ಮ ಕಾರ್ಖಾನೆಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ವಾರ್ಡಿನ ಹಿರಿಯರೇ — ನಮಸ್ಕಾರ. ಎದುರು ಪಕ್ಷದವರೂ ಬಂದಿದ್ದೀರಿ. ಸಂತೋಷ. ಸಾಹೇಬರು ಇದ್ದಾಗ ನೀವು ಅವರಿಗೆ ಇಷ್ಟು ಹತ್ತಿರ ಕೂತದ್ದನ್ನು ನಾನು ನೋಡಿರಲಿಲ್ಲ.

ಗುರುಶಾಂತ ಸಾಹೇಬರ ಹತ್ತಿರ ನಾನು ಹದಿನೆಂಟು ವರ್ಷ ಕೆಲಸ ಮಾಡಿದೆ. ಮಾಲು ಕಳಿಸುವುದು ನನ್ನ ಕೆಲಸ, ಪ್ರಾಸ ಕಟ್ಟುವುದು ನನ್ನ ಚಟ. ಮೊದಲನೆಯದಕ್ಕೆ ಸಂಬಳ ಕೊಟ್ಟರು, ಎರಡನೆಯದನ್ನು ಸಹಿಸಿಕೊಂಡರು.

ಅವರ ಬಾಳು ನಿಮಗೆಲ್ಲ ಗೊತ್ತು. ಆಳಂದದ ಕಡೆಯವರು, ಸೈನ್ಯದಲ್ಲಿ ನಾಯಕ್. ಕಾರ್ಗಿಲ್ ಗುಡ್ಡದಲ್ಲಿ ನೆಲಬಾಂಬು ಸಿಡಿದು ಎಡಗಾಲು ಮೊಣಕಾಲ ಕೆಳಗೆ ಹೋಯಿತು. ಓಣಿಯ ಮಕ್ಕಳು, "ಕಾಕಾ, ಕಾಲು ಎಲ್ಲಿ ಹೋತ್ರಿ?" ಅಂತ ಕೇಳಿದರೆ, "ಗುಡ್ಡದ ಮ್ಯಾಲೇ ಬಿಟ್ಟು ಬಂದೀನಿ. ಕಾಯಾಕತ್ತೈತಿ" ಅನ್ನುತ್ತಿದ್ದರು. ಅಳುವ ಅವಕಾಶವನ್ನೇ ಯಾರಿಗೂ ಕೊಡಲಿಲ್ಲ. ನೋಡಿ, ಇವತ್ತೂ ಕೊಡುತ್ತಿಲ್ಲ.

ಹೈದರಾಬಾದಿಗೆ ಬಂದದ್ದು ಬರಿಗೈಲಿ, ಇದ್ದದ್ದು ಬಾಡಿಗೆ ಖೋಲೀಲಿ. ಪಟಾನ್‌ಚೆರುವಿನ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲು. ಅಲ್ಲಿ ನಮ್ಮ ಕಡೆಯ ಮಂದಿ ಆಸಿಡ್ ಚೆಲ್ಲಿದ ನೆಲದ ಮೇಲೆ ಹವಾಯಿ ಚಪ್ಪಲಿಯಲ್ಲಿ ಓಡಾಡುವುದನ್ನು ಕಂಡರು. ನನಗೆ ಎಷ್ಟೋ ಸಲ ಹೇಳಿದ ಮಾತು — "ಹೇಮಂತಾ, ನನಗ ನೆಲದಾಗ ಏನೈತಿ ಅಂತ ಗೊತ್ತಿರಲಿಲ್ಲ. ಇವರಿಗೆ ಗೊತ್ತೈತಿ. ಗೊತ್ತಿದ್ದೂ ನಡೀತಾರ."

ಆ ಮಾತಿನಿಂದ ಹುಟ್ಟಿದ್ದು ನಮ್ಮ ಸೇಫ್ಟಿ ಬೂಟಿನ ಕಾರ್ಖಾನೆ. ಗಿರಾಕಿ ಬಂದರೆ ಸಾಹೇಬರು ತಾವೇ ಹೊಸ ಬೂಟು ಹಾಕಿಕೊಂಡು, ಅದರ ಮೇಲೆ ಐದು ಕಿಲೋ ಕಬ್ಬಿಣ — ಧಡ್ ಅಂತ — ಬೀಳಿಸಿಕೊಂಡು ನಗುತ್ತ ನಿಲ್ಲುತ್ತಿದ್ದರು. ಯಾವ ಕಾಲಿನ ಮೇಲೆ ಅಂತ ಗಿರಾಕಿಗೆ ಹೇಳುತ್ತಿರಲಿಲ್ಲ. ನಾನು ಕಂಡಂತೆ ಜೀವಮಾನದಲ್ಲಿ ಅವರು ಮಾಡಿದ ಮೋಸ ಅದೊಂದೇ.

ಆಮೇಲೆ ರಾಜಕೀಯ. ಮೊದಲ ಸಲ ಕಾರ್ಪೊರೇಟರ್ ಚುನಾವಣೆಗೆ ನಿಂತಾಗ ನಮ್ಮ ಕನ್ನಡ ಮಂದಿಗೆ ಹಂಚಲು ನಾನೊಂದು ಕರಪತ್ರ ಬರೆದೆ — "ದೇಶಕ್ಕೆ ಕೊಟ್ಟರು ಕಾಲು, ವಾರ್ಡಿಗೆ ತರುವರು ನೀರು, ಬೆಳಕು, ಹಾಲು!"

ಓದಿದರು. ಕನ್ನಡಕ ತೆಗೆದರು. "ಹಾಲು ಎಲ್ಲಿಂದ ತರ್ಲೋ? ನಾ ಏನ್ ಎಮ್ಮೆ ಕಟ್ಟೀನೇನು?"

"ಪ್ರಾಸಕ್ಕ ರೀ, ಸರ್."

"ಪ್ರಾಸಕ್ಕಂತ ಸುಳ್ಳು ಹೇಳಬ್ಯಾಡ. ಮದಲ ಆ ಕಾಲು ತಗಿ. ಅದನ್ನ ನಾ ಓಟಿಗಂತ ಕೊಟ್ಟಿಲ್ಲ."

ಕಾಲೂ ಹೋಯಿತು, ಹಾಲೂ ಹೋಯಿತು. ಉಳಿದದ್ದು ನೀರು, ಬೆಳಕು. ಆದರೂ ಗಾಳಿ ನಮ್ಮ ಕಡೆಯೇ ಇತ್ತು. ಗೆಲ್ಲುತ್ತಿದ್ದೆವು.

ಈಗ — ಇಷ್ಟು ವರ್ಷ ಯಾರ ಮುಂದೆಯೂ ಹೇಳದ್ದನ್ನು ಹೇಳುತ್ತೇನೆ.

ಓಟಿಗೆ ನಾಲ್ಕು ದಿನ ಇತ್ತು. ಅರ್ಧ ಮಂದಿ ಪ್ರಚಾರಕ್ಕೆ ಹೋಗಿದ್ದರು, ದೊಡ್ಡ ಆರ್ಡರ್ ಬಾಕಿ. ಚರ್ಮ ಕತ್ತರಿಸುವ ಪ್ರೆಸ್ಸಿಗೆ ಕೈ ಒಳಗೆ ಹೋಗದ ಹಾಗೆ ಒಂದು ಜಾಲರಿ ಇರುತ್ತದೆ. ಅದಿದ್ದರೆ ಕೆಲಸ ನಿಧಾನ. ಆ ಮಧ್ಯಾಹ್ನ ಪ್ರೆಸ್ಸಿನ ಕೆಲಸಕ್ಕಿದ್ದ ಸಾಬಮ್ಮನ ಬಲಗೈಯ ಎರಡು ಬೆರಳು ಹೋದವು. ಜಾಲರಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಆಕೆ ಮೊದಲು ಹೇಳಿದ್ದು, "ಸಾಹೇಬ್ರ, ಕೆಲಸದಿಂದ ತಗೀಬ್ಯಾಡ್ರಿ. ಇನ್ನಾ ಎಂಟು ಬೆರಳು ಅದಾವು."

ಸಾಹೇಬರು ಅಂದರು, "ನನ್ನ ಕಾಲಿಗೆ ಉಳಿದಾವು ಐದs. ನನಗಿಂತ ನೀನೇ ಶ್ರೀಮಂತಳವ್ವಾ." ಆಕೆ ನಕ್ಕಳು. ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಸಾಹೇಬರು ನಗಲಿಲ್ಲ.

ನಾನು ಅಂದೆ, "ಸರ್, ನಾಲ್ಕೇ ನಾಲ್ಕು ದಿನ ಸುಮ್ಮನಿದ್ದು ಬಿಡ್ರಿ. ಓಟು ಮುಗೀಲಿ, ಆಮ್ಯಾಲೆ ಹೇಳೋಣು."

"ಜಾಲರಿ ಯಾರು ತಗಿಸಿದ್ರು?"

"ನಾನೇ ರೀ. ಕೆಲಸ ಲಗೂನ ಆಗ್ಲಿ ಅಂತ."

ಬಯ್ಯಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಅಂದರು — "ಬಾಂಬು ಹುಗದಾವನೂ ಹಿಂಗs ಅಂದಿರಬೇಕು. ನಾಕ್ ದಿನದ ಮಾತು, ಯಾರು ಕಾಲಿಡ್ತಾರ ಬಿಡು ಅಂತ."

ಆ ಸಂಜೆ ಶಾಪೂರ್ ನಗರದಲ್ಲಿ ಸಭೆ. ನಾನು ಬರೆದ ಭಾಷಣವನ್ನು, ಹನ್ನೊಂದು ಪ್ರಾಸ ಇದ್ದ ಭಾಷಣ, ಮಡಚಿ ಜೇಬಿಗಿಟ್ಟರು. ಮೈಕ್ ಹಿಡಿದು ಅಂದರು: "ಇವತ್ತು ನನ್ನ ಕಾರ್ಖಾನ್ಯಾಗ ಒಬ್ಬ ಹೆಣ್ಣುಮಗಳ ಬೆರಳು ಹೋಗ್ಯಾವು. ತಪ್ಪು ನಂದು. ಮಂದಿ ಕಾಲು ಉಳಿಸಾಕತ್ತೀನಿ ಅಂತ ಜಂಬ ಪಡ್ತಿದ್ದೆ, ಕೈ ನೋಡಲಿಲ್ಲ. ಇದು ತಿಳಕೊಂಡು ಓಟು ಹಾಕ್ರಿ. ಹಾಕದಿದ್ರೂ ಸಿಟ್ಟಿಲ್ಲ." ಅದನ್ನೇ ತೆಲುಗಿನಲ್ಲಿ ಒಂದು ಸಲ, ಹಿಂದಿಯಲ್ಲಿ ಒಂದು ಸಲ. ಮೂರು ಭಾಷೆಯಲ್ಲೂ ನನ್ನ ಹೆಸರು ಬರಲಿಲ್ಲ.

ಇನ್ನೂರ ಹನ್ನೆರಡು ಓಟಿನಿಂದ ಸೋತರು.

ಆ ಸಭೆಯ ಮರುದಿನವೇ ಬೆಳಿಗ್ಗೆ ಎಂಟಕ್ಕೆ ಪ್ರೆಸ್ಸಿನ ಮುಂದೆ ನೆಲದ ಮೇಲೆ ಕೂತಿದ್ದರು, ಕೃತಕ ಕಾಲು ಚಾಚಿಕೊಂಡು, ಜಾಲರಿಯ ನಟ್ಟು ಬಿಗಿಯುತ್ತ. ಮೂರು ಬಿಗಿದರು. ನಾಲ್ಕನೆಯದಕ್ಕೆ ಸ್ಪ್ಯಾನರ್ ನನ್ನ ಕೈಗೆ ಕೊಟ್ಟರು. ಅಷ್ಟೇ ಶಿಕ್ಷೆ. ಅಷ್ಟೇ ಅಂತ ನಾನು ಅಂದುಕೊಂಡಿದ್ದೆ.

ಐದು ವರ್ಷದ ಮೇಲೆ ಅದೇ ವಾರ್ಡು ಅವರನ್ನು ಮೂರು ಸಾವಿರ ಓಟಿನಿಂದ ಗೆಲ್ಲಿಸಿತು. ಗೆದ್ದವರು ಪಾಲಿಕೆಯ ಸಭೆಯಲ್ಲಿ ಮಾಡಿದ ಮೊದಲ ಮಾತು ಚರಂಡಿಗೆ ಇಳಿಯುವವರ ಬೂಟು, ಕೈಗವಸಿನದು. ಎರಡನೆಯ ಮಾತೂ ಅದೇ. "ಬ್ಯಾರೆ ವಿಷಯ ಇಲ್ಲೇನ್ರಿ?" ಅಂತ ಯಾರೋ ಕೇಳಿದರೆ, "ಬೂಟು ಬರ್ಲಿ, ವಿಷಯ ಬದಲಿ ಮಾಡೋಣು" ಅಂದರು. ಬೂಟು ಬಂದವು. ಟೆಂಡರಿಗೆ ಮಾತ್ರ ನಮ್ಮ ಕಂಪನಿಯ ಹೆಸರು ಹಾಕಗೊಡಲಿಲ್ಲ. ನಮಗೆಲ್ಲ ಹೊಟ್ಟೆ ಉರಿಯಿತು. ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಸಾಬಮ್ಮ ಎರಡನೇ ಸಾಲಿನಲ್ಲಿ ಕೂತಿದ್ದಾಳೆ. ಇವತ್ತು ಆಕೆ ನಮ್ಮ ಸೂಪರ್‌ವೈಸರ್. ಜಾಲರಿಯನ್ನು ರಿಪೇರಿಗೆ ಬಿಚ್ಚಿದ್ದರು ಅಂತಲೇ ಆಕೆ ತಿಳಿದಿರುವುದು. ಸಾಬಮ್ಮಾ — ರಿಪೇರಿ ಅಲ್ಲ. ತೆಗೆಸಿದವನು ನಾನು. ಸಾಹೇಬರು ನಿನಗೆ ಹೇಳಲಿಲ್ಲ, ನನಗೂ ಹೇಳು ಅನ್ನಲಿಲ್ಲ. ನಾನೇ ಹೇಳಲಿ ಅಂತ ಸಾಯುವ ತನಕ ಕಾದರು. ಈಗ ಉತ್ತರ ಬೇಡ. ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತಿರುತ್ತೇನೆ. ಬಯ್ಯುವುದಿದ್ದರೆ ಎಲ್ಲರ ಮುಂದೆ ಬಯ್ಯಿ.

ಶೋಭಕ್ಕಾ, ಉಮಾಶ್ರೀ, ನಿಮ್ಮ ಮನೆಯವರು ಯಾರ ಮುಂದೆಯೂ ತಲೆ ತಗ್ಗಿಸುವಂಥ ಬಾಳು ಬಾಳಲಿಲ್ಲ. ತಗ್ಗಿಸಬೇಕಾದಲ್ಲಿ ತಾವೇ ಹೋಗಿ ತಗ್ಗಿಸಿದರು.

ಬಂಧುಗಳೇ, ಅವತ್ತು ನಾನು ನಾಲ್ಕು ದಿನದ ಮೌನ ಕೇಳಿದ್ದೆ, ಅವರು ಕೊಡಲಿಲ್ಲ. ನನ್ನ ಪಾಲಿನ ಮೌನವನ್ನು ಮಾತ್ರ ಹತ್ತು ವರ್ಷ ಎಳೆದೆ. ಅದು ಇಲ್ಲಿಗೆ ಮುಗಿಯಿತು. ಈಗ ನಿಮ್ಮನ್ನು ಕೇಳುವುದು ಎರಡೇ ನಿಮಿಷ. ನಿಲ್ಲಲು ಆಗದವರು ಕೂತೇ ಇರಿ. ಉಳಿದವರು — ದಯವಿಟ್ಟು ಎದ್ದು ನಿಲ್ಲಿ.